ಹಾಡಿಗೆ ಮೊದಲಿನ ಸದ್ದು

ಕುಶಾಲಪ್ಪ ತಲೆ ಆಡಿಸದೆ ಪುತ್ತೂರು ಪೇಟೆಯಲ್ಲಿ ಒಂದು ಪ್ಲೇಟೂ ಮಾರಾಟವಾಗುತ್ತಿರಲಿಲ್ಲ ಎಂದರೆ ಕೇಳಿದವರು ನಗಬಹುದು. ನಗಲಿ, ಅಡ್ಡಿಯಿಲ್ಲ. ಪ್ಲೇಟು ಎಂದರೆ ಉಣ್ಣುವ ಪ್ಲೇಟಲ್ಲ, ಗ್ರಾಮಫೋನಿನದು. ರೆಕಾರ್ಡಿಗೆ ಈ ಕಡೆಯವರು ಇಟ್ಟುಕೊಂಡ ಹೆಸರು ಅದು. ಐವತ್ತರ ಆಚೀಚೆಯ ವರ್ಷಗಳಲ್ಲಿ ಅರಗಿನ ಆ ಕರಿ ಪ್ಲೇಟುಗಳು ಬೈಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ, ಮಂಗಳೂರು ಬಸ್ಸಿನ ಟಾಪಿನ ಮೇಲೆ ಕುಲುಕಾಡುತ್ತ ಬರುತ್ತಿದ್ದವು. ದಾರಿಯಲ್ಲಿ ಒಡೆದದ್ದು ಒಡೆಯಿತು, ಉಳಿದದ್ದು ಪೇಟೆಯ ದರ್ಬೆ ಎಂಬಲ್ಲಿದ್ದ ಇಬ್ರಾಹಿಮನ ಅಂಗಡಿಗೆ. ಟಾರ್ಚು, ಬ್ಯಾಟರಿ, ರೇಡಿಯೊ ಮಾರುವ ಅಂಗಡಿ ಅದು. ಸಂತೆಯ ದಿನ ಅದರ ಜಗಲಿಯಲ್ಲಿ ಕುಶಾಲಪ್ಪ ಕೂತು ಹೊಸ ಪ್ಲೇಟುಗಳ ಪರೀಕ್ಷೆ ಮಾಡುತ್ತಿದ್ದ, ಕೊಳ್ಳುವವರು ಸುತ್ತ ನಿಂತು ಅವನ ತಲೆಯನ್ನೇ ನೋಡುತ್ತಿದ್ದರು.

ಈ ಕುಶಾಲಪ್ಪ ಆಲೆಟ್ಟಿಯ ಗೌಡರ ಮನೆಯ ಕಿರಿಯ ಮಗ. ಹಾರೆ ಪಿಕ್ಕಾಸಿಗೆ ಅವನ ಕೈ ಒಗ್ಗಲಿಲ್ಲ. ಪ್ರಾಯದಲ್ಲಿ ಘಟ್ಟ ಹತ್ತಿ ಕೊಡಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರನಾಗಿದ್ದ. ಅಲ್ಲಿಯ ಬಿಳಿಯ ದೊರೆ ದೇಶ ಬಿಟ್ಟು ಹೋಗುವಾಗ ತನ್ನ ಕೀ ಕೊಡುವ ಗ್ರಾಮಫೋನು ಪೆಟ್ಟಿಗೆಯನ್ನು ಇವನಿಗೆ ಕೊಟ್ಟು ಹೋದ. ಅದನ್ನು ತಲೆಯ ಮೇಲೆ ಹೊತ್ತುಕೊಂಡು ಘಟ್ಟ ಇಳಿದ ಕುಶಾಲಪ್ಪ ಊರಿಗೆ ಹೋಗಿ ನಿಲ್ಲಲಿಲ್ಲ, ದರ್ಬೆಯಲ್ಲಿ ಎರಡು ಕೋಣೆಯ ಮನೆ ಹಿಡಿದು ಮದುವೆಗಳಿಗೆ ಪೆಟ್ಟಿಗೆ ತೆಗೆದುಕೊಂಡು ಹೋಗಿ ಹಾಡು ಹಾಕುವ ಕಸುಬು ಸುರುಮಾಡಿದ. ಅಣ್ಣಂದಿರು ಜಾಗ ಪಾಲು ಮಾಡುವಾಗಲೂ ಅವನು ಹೋಗಿ ಕೂರಲಿಲ್ಲ. ಯಾರಾದರೂ ಕೇಳಿದರೆ, ಜಾಗ ಅವರಿಗೆ ಬಂತು, ನನ್ನ ಪಾಲಿಗೆ ಬಂದದ್ದು ಎರಡು ಕಿವಿ, ಅದಕ್ಕೆ ತೆರಿಗೆಯೂ ಇಲ್ಲ ಎಂದು ನಗುತ್ತಿದ್ದ.

ಆ ಎರಡು ಕಿವಿ ನಿಜಕ್ಕೂ ಆಸ್ತಿಯೇ. ಪ್ಲೇಟು ಕೊಳ್ಳುವುದೆಂದರೆ ಆಗ ಸಣ್ಣ ಮಾತಲ್ಲ. ಮನೆಗೊಂದು ಒಳ್ಳೆಯ ಪ್ಲೇಟು ಬಂದರೆ ನೆರೆಕರೆಯವರೆಲ್ಲ ಬಂದು ಕೇಳಿ ಹೋಗುತ್ತಿದ್ದರು, ಕೆಟ್ಟದ್ದು ಬಂದರೂ ಬಂದು ಕೇಳಿ ಹೋಗುತ್ತಿದ್ದರು, ಹೋಗುವಾಗ ನಗುತ್ತಿದ್ದರು ಅಷ್ಟೆ. ಒಂದೇ ಹಾಡಿನ ಎರಡು ಪ್ಲೇಟು ಪಕ್ಕಪಕ್ಕ ಇಟ್ಟರೂ ಅಚ್ಚು ಹಾಕಿದ ದಿನದ ಮೇಲೆ ಒಂದು ಚಿನ್ನ, ಇನ್ನೊಂದು ಮಸಿ. ಕುಶಾಲಪ್ಪ ಮೊದಲು ಪ್ಲೇಟನ್ನು ಬಿಸಿಲಿಗೆ ಓರೆ ಹಿಡಿಯುವನು. ನಡುವಿನ ತೂತು ಸರಿಯಾಗಿ ನಡುವೆಯೇ ಉಂಟೋ ಎಂದು ತಿರುಗಿಸಿ ನೋಡುವನು. ತೂತು ಒಂಚೂರು ಸರಿದಿದ್ದರೆ ಹಾಡುವವಳ ಸ್ವರ ಉಯ್ಯಾಲೆ ಆಡುತ್ತದೆ. ಕಡೆಗೆ ಹೊಸ ಮುಳ್ಳು ಹಾಕಿ ಪ್ಲೇಟಿಟ್ಟು ಕಿವಿ ಕೊಡುವನು. ಹಾಡಿಗೆ ಅಲ್ಲ. ಹಾಡು ಸುರುವಾಗುವ ಮೊದಲು ಮುಳ್ಳು ಸುಮ್ಮನೆ ಓಡುತ್ತದಲ್ಲ, ಆ ಸದ್ದಿಗೆ. ಹಾಡು ಎಲ್ಲವನ್ನೂ ಮುಚ್ಚಿ ಹಾಕುತ್ತದೆ, ಪ್ಲೇಟಿನ ನಿಜವಾದ ಬುದ್ಧಿ ತಿಳಿಯುವುದು ಹಾಡು ಇಲ್ಲದ ಕಡೆ ಎಂಬುದು ಅವನ ಲೆಕ್ಕ.

ಆ ಸದ್ದಿಗೆ ಹೆಸರು ಕೊಟ್ಟವಳು ಅವನ ಹೆಂಡತಿ ಪೂವಮ್ಮ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಗಂಡನೊಡನೆ ಎಂತ ಮಾತಾಡುವುದೆಂದೇ ಗೊತ್ತಿರಲಿಲ್ಲ. ಅವನಾದರೂ ಪೆಟ್ಟಿಗೆಯ ಮುಂದೆ ಕೂತರೆ ಏಳುವ ಜನವಲ್ಲ. ಒಂದು ದಿನ ಅವನೇ ಕರೆದು, ಹಾಡು ಬಿಡು, ಅದರ ಹಿಂದೆ ಏನು ಕೇಳಿಸುತ್ತದೆ ಹೇಳು ಎಂದ. ಅವಳು ಸೆರಗು ಬಾಯಿಗೆ ಹಿಡಿದು ತುಂಬ ಹೊತ್ತು ಕೇಳಿ, ಕಾವಲಿಗೆ ದೋಸೆ ಹೊಯ್ದ ಹಾಗೆ ಉಂಟು ಎಂದಳು. ಕುಶಾಲಪ್ಪ ಕುಣಿಯುವುದೊಂದು ಬಾಕಿ. ಅಲ್ಲಿಂದ ಇನ್ನೊಂದು ಪ್ಲೇಟು, ಮತ್ತೊಂದು ಪ್ಲೇಟು. ಗಂಡಹೆಂಡಿರ ನಡುವೆ ಮಾತು ಹುಟ್ಟಿದ್ದು ಹಾಗೆ. ದೋಸೆ ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಸಾಸಿವೆ ಸಿಡಿದ ಹಾಗಿದ್ದರೆ ಬೇರೆ ಗತಿ ಇಲ್ಲದಿದ್ದರೆ ಕೊಳ್ಳಬಹುದು. ಹೊಯ್ಗೆಯ, ಅಂದರೆ ಮರಳಿನ ಮೇಲೆ ಕಾಲೆಳೆದ ಹಾಗಿದ್ದರೆ ಅದನ್ನು ಮುಟ್ಟಲೇಬಾರದು. ಈ ಮೂರು ಹೆಸರು ದರ್ಬೆಯಿಂದ ಹೊರಟು ಈಶ್ವರಮಂಗಲ, ಗುತ್ತಿಗಾರಿನವರೆಗೂ ಹೋದವು. ಹೊಯ್ಗೆ ಪ್ಲೇಟು ಎಂದು ಕುಶಾಲಪ್ಪ ಹೇಳಿದ್ದನ್ನು ಇಬ್ರಾಹಿಂ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಲೂ ಇರಲಿಲ್ಲ, ವಾಪಸು ಮಂಗಳೂರಿಗೆ.

ಮನೆಯಲ್ಲೂ ಆ ಕಿವಿಗೆ ರಜೆ ಇಲ್ಲ. ಪೂವಮ್ಮ ಒಳಗೆ ಒಗ್ಗರಣೆ ಇಟ್ಟರೆ ಜಗಲಿಯಲ್ಲಿ ಪೆಟ್ಟಿಗೆ ಒರೆಸುತ್ತಿರುವವನು ಸಾಸಿವೆ ಸಿಡಿಯುವುದನ್ನು ಕೇಳಿ, "ಸಾಕು, ಇಳಿಸು" ಎಂದು ಅಲ್ಲಿಂದಲೇ ಕೂಗುವನು. ಅಡುಗೆ ಯಾರದ್ದು, ಅಧಿಕಾರ ಯಾರದ್ದು! ಪೂವಮ್ಮನಿಗೆ ಸಿಟ್ಟು ಬರುತ್ತಿತ್ತು. ಇಳಿಸಿಯೂ ಇಳಿಸುತ್ತಿದ್ದಳು, ಯಾಕೆಂದರೆ ಅವನು ಹೇಳಿದ ಹೊತ್ತು ಒಮ್ಮೆಯೂ ತಪ್ಪುತ್ತಿರಲಿಲ್ಲ.

ಇಸವಿ ಅರವತ್ತು ಕಳೆದ ಮೇಲೆ ಇಬ್ರಾಹಿಮನ ಅಂಗಡಿಗೆ ಕರೆಂಟಿನ ಪ್ಲೇಯರ್ ಬಂತು, ಅದರ ಹಿಂದೆಯೇ ಹೊಸ ಜಾತಿಯ ಪ್ಲೇಟು ಬಂತು. ಹಗುರ, ತೆಳ್ಳಗೆ, ಕೆಳಗೆ ಬಿದ್ದರೆ ಒಡೆಯುವುದಿಲ್ಲ. ವಿನೈಲಿನದ್ದಂತೆ. ಕುಶಾಲಪ್ಪ ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, ಅಡಿಕೆ ಹಾಳೆ ಇದಕ್ಕಿಂತ ಗಟ್ಟಿ ಉಂಟು ಎಂದು ಮೂಗು ಮುರಿದ. ಕಡಬದ ತೀರ್ಥರಾಮ ಎಂಬವನು ಹುಮ್ಮಸ್ಸಿನಿಂದ ಒಂದು ಕೊಂಡು ಹೋಗಿ ತನ್ನ ಹಳೆಯ ಪೆಟ್ಟಿಗೆಯ ಕಬ್ಬಿಣದ ಮುಳ್ಳಿನ ಕೆಳಗೆ ಇಟ್ಟ. ಆ ಭಾರದ ಮುಳ್ಳು ಹೊಸ ಪ್ಲೇಟನ್ನು ಗದ್ದೆ ಉತ್ತ ಹಾಗೆ ಉತ್ತು ಹಾಕಿತು. ಒಡೆಯುವುದಿಲ್ಲ ಎಂದವರು ಹರಿಯುವುದಿಲ್ಲ ಎಂದು ಹೇಳಿದ್ದಾರಾ ಎಂದು ಕುಶಾಲಪ್ಪ ಇಡೀ ಸಂತೆಗೆ ಕೇಳುವಂತೆ ತಮಾಷೆ ಮಾಡಿದ.

ಆದರೆ ಇಬ್ರಾಹಿಮನ ಪ್ಲೇಯರಿನ ಸಣ್ಣ ಹರಳಿನ ಮುಳ್ಳಿನಲ್ಲಿ ಅದನ್ನು ಕೇಳಿದ ದಿನ ಅವನ ತಮಾಷೆ ನಿಂತಿತು. ಮುಳ್ಳು ಇಟ್ಟರು, ಪ್ಲೇಟು ತಿರುಗುತ್ತಿದೆ, ಸದ್ದೇ ಇಲ್ಲ. ಹಾಳಾಗಿದೆ ಎಂದು ಅವನು ಕೈ ಮುಂದೆ ಮಾಡುವಷ್ಟರಲ್ಲಿ ಹಾಡು ಬಂತು, ಹೆಂಗಸೊಬ್ಬಳು ಎದುರಿಗೇ ಕೂತು ಬಾಯಿ ತೆರೆದ ಹಾಗೆ. ಅವತ್ತು ಅವನು ಮನೆಗೆ ಓಡಿಕೊಂಡೇ ಬಂದ ಎನ್ನಬೇಕು. ಪೂವಮ್ಮನನ್ನು ಕರೆದು ನಾಲ್ಕನೆಯ ಹೆಸರನ್ನು ತಾನೇ ಇಟ್ಟ. ದೋಸೆಯೂ ಅಲ್ಲ, ಸಾಸಿವೆಯೂ ಅಲ್ಲ, ಹೊಯ್ಗೆಯೂ ಅಲ್ಲ ಮಾರಾಯ್ತಿ, ಒಲೆಯನ್ನೇ ಹೊತ್ತಿಸಿಲ್ಲ ಎಂದ. ಮದುವೆಯಾದ ಮೇಲೆ ಅವನನ್ನು ಅಷ್ಟು ಸಂತೋಷದಲ್ಲಿ ಅವಳು ಕಂಡದ್ದು ಕಡಿಮೆ.

ಮುಂದಿನ ಸಂತೆಗೆ ಅವಳನ್ನೂ ಕರೆದುಕೊಂಡು ಹೋದ. ಮೊದಲನೆಯ ಪ್ಲೇಟು ಹೌದು, ಅವನು ಹೇಳಿದ ಹಾಗೆಯೇ, ಹೊತ್ತಿಸದ ಒಲೆ. ಎರಡನೆಯದು ಬೇರೆ ಹಾಡಿನದ್ದು. ಮುಳ್ಳು ಇಡುತ್ತಿದ್ದ ಹಾಗೆ ಪೂವಮ್ಮನಿಗೆ ಚಿಟಿಚಿಟಿ ಕೇಳಿತು, ಎಣ್ಣೆ ಕಾದು ಸಾಸಿವೆ ಬಿದ್ದ ಹಾಗೆ, ಸ್ಪಷ್ಟ. ಅವಳು ಗಂಡನ ಕಡೆ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿದ್ದ. ಹೊಸ ಪ್ಲೇಟು ಅಂದರೆ ಹೀಗೆ, ಎಂತದೂ ಇಲ್ಲ ನೋಡು ಎಂದ. ನಿಂತವರೊಬ್ಬರು ಅಲ್ಲೇ ಅದನ್ನು ಕೊಂಡರು. ರಸ್ತೆಯ ಸದ್ದು ಇರಬೇಕು, ನನ್ನ ಕಿವಿಗೆ ಏನೋ ಹಿಡಿದಿರಬೇಕು ಎಂದು ಪೂವಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಳು.

ಮನೆಗೆ ಬಂದು ಒಲೆಯ ಮುಂದೆ ಕೂತಾಗ ಅವಳಿಗೆ ಫಕ್ಕನೆ ಒಂದು ವಿಷಯ ಹೊಳೆಯಿತು. ಜಗಲಿಯಿಂದ "ಸಾಕು, ಇಳಿಸು" ಎಂಬ ಮಾತು ಬಾರದೆ ತುಂಬ ದಿನವಾಗಿತ್ತು. ಗಂಡ ಬುದ್ಧಿ ಕಲಿತ, ಅಡುಗೆಯ ಕೆಲಸಕ್ಕೆ ತಲೆ ಹಾಕುವುದು ಬಿಟ್ಟ ಎಂದು ಅವಳು ಒಳಗೊಳಗೆ ಖುಷಿಪಟ್ಟಿದ್ದಳು. ಈಗ ಬೇಕೆಂದೇ ಸಾಸಿವೆ ಹಾಕಿ ಸುಮ್ಮನೆ ಕೂತಳು. ಸಾಸಿವೆ ಸಿಡಿಯಿತು, ಸಿಡಿದು ಮುಗಿಯಿತು, ಕರಟಿ ಹೊಗೆ ಬಂತು. ಹೊಗೆ ಮೂಗಿಗೆ ಬಡಿದ ಮೇಲೆಯೇ ಹೊರಗಿನಿಂದ ಕೆಮ್ಮು ಕೇಳಿದ್ದು.

ಆಮೇಲೆ ಒಂದೊಂದಾಗಿ ಎಲ್ಲ ನೆನಪಾಯಿತು. ಈ ಬೇಸಿಗೆಯಲ್ಲಿ ಜೀರುಂಡೆಗಳೇ ಇಲ್ಲ ನೋಡು ಎಂದು ಅವನು ಹೇಳಿದ್ದು ನೆನಪಾಯಿತು. ಅವನು ಹಾಗೆ ಹೇಳುವಾಗ ಹಿತ್ತಿಲಿನ ಹಲಸಿನ ಮರದಲ್ಲಿ ಅವು ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದವು. ಇನ್ನೂ ನಂಬಲಾರದೆ, ಒಂದು ಮಧ್ಯಾಹ್ನ ಅವನ ಕುರ್ಚಿಯ ಹಿಂದೆ ಹೋಗಿ ನಿಂತು ಕೈಯ ಗಾಜಿನ ಬಳೆಗಳನ್ನು ಅಲ್ಲಾಡಿಸಿದಳು. ಬಳೆಯ ಸದ್ದಿನಿಂದಲೇ ಅವಳು ಬಂದದ್ದನ್ನು ತಿಳಿಯುತ್ತಿದ್ದ ಗಂಡ ಅವನು. ತಿರುಗಲಿಲ್ಲ. ಮತ್ತೆ ಅಲ್ಲಾಡಿಸಿದಳು. ಇಲ್ಲ. ಮೆಲ್ಲನೆ "ಚಾ ಮಾಡ್ಲಾ?" ಎಂದಾಗ ಮಾತ್ರ ಕೂಡಲೇ ತಿರುಗಿ, ಮಾಡು ಮಾಡು ಎಂದ. ದೊಡ್ಡ ಸದ್ದು, ಮಾತು, ಹಾಡು ಎಲ್ಲ ಅವನಿಗೆ ಕೇಳುತ್ತದೆ. ಸಣ್ಣಗಿನ, ಚೂಪಾದ ಸದ್ದು ಮಾತ್ರ ಅವನ ಪಾಲಿಗೆ ಸತ್ತು ಹೋಗಿದೆ. ಹೊಸ ಪ್ಲೇಟು ಬಂದ ಕಾಲವೂ ಅವನ ಕಿವಿ ಹೋದ ಕಾಲವೂ ಒಂದೇ ಆಗಿತ್ತು. ಪ್ಲೇಟಿನ ಗುಣ ಎಂದು ಅವನು ಕೊಂಡಾಡಿದ್ದರಲ್ಲಿ ಅರ್ಧ ಅವನ ಕಿವಿಯ ದೋಷ. ಪೂವಮ್ಮ ಅಡುಗೆಕೋಣೆಗೆ ಹೋಗಿ ಚಾಕ್ಕೆ ನೀರಿಟ್ಟು ಅತ್ತಳು.

ಹೇಳಬೇಕೋ ಬೇಡವೋ? ಹೇಳಿದರೆ ಅವನ ಪಾಲಿಗೆ ಬಂದ ಒಂದೇ ಆಸ್ತಿ ಹೋಯಿತು ಎಂದು ಕಟ್ಟಿಕೊಂಡ ಹೆಂಡತಿಯೇ ಸಾರಿದ ಹಾಗೆ. ಹೇಳದಿದ್ದರೆ ಊರವರು ಒಂದು ದಿನ ಹೇಳುತ್ತಾರೆ, ಊರವರ ಬಾಯಿ ಹೆಂಡತಿಯ ಬಾಯಿಯಷ್ಟು ಮೆತ್ತಗೆ ಇರುವುದಿಲ್ಲ. ಅವನ ಮಾತು ಬಿದ್ದರೆ ಅವನೇ ಬಿದ್ದ ಹಾಗೆ, ಅದನ್ನು ನೋಡಲು ಅವಳಿಂದ ಆಗದು.

ಕುಶಾಲಪ್ಪ ಈಶ್ವರಮಂಗಲಕ್ಕೆ ಒಂದು ಮದುವೆಗೆ ಹೋಗಿದ್ದ ದಿನ ಅವಳು ಟಾರ್ಚಿನ ಬ್ಯಾಟರಿಯ ನೆಪ ಮಾಡಿ ಅಂಗಡಿಗೆ ಹೋದಳು. ಇಬ್ರಾಹಿಂ ಬ್ಯಾಟರಿ ಕಟ್ಟಿಕೊಟ್ಟ, ಮತ್ತೆ ಮೇಜಿನ ಕೆಳಗಿನಿಂದ ಒಂದು ಕಟ್ಟು ಹೊಸ ಪ್ಲೇಟು ತೆಗೆದು ಎದುರಿಗಿಟ್ಟ. ಕೊಂಡವರು ವಾಪಸು ತಂದದ್ದು. ಗುತ್ತಿಗಾರಿನ ದೇರಣ್ಣ ಎಂಬ ದೊಡ್ಡ ಮನುಷ್ಯ ಮಗಳ ಮದುವೆಗೆ ಕೊಂಡವನು, ತಂದುಕೊಟ್ಟು, ಕುಶಾಲಪ್ಪನಿಗೆ ಗೊತ್ತಾಗುವುದು ಬೇಡ, ಬೇಸರ ಮಾಡಿಕೊಂಡಾನು ಎಂದು ಹೇಳಿ ಹೋಗಿದ್ದನಂತೆ.

"ಪೂವಕ್ಕ, ಅಣ್ಣನ ಕಿವಿಗೆ ಎಂತ ಆಗಿದೆ?" ಎಂದು ಇಬ್ರಾಹಿಂ ಕೇಳಿದ.

ಅವಳು ಎಲ್ಲ ಹೇಳಿದಳು. ಇಬ್ರಾಹಿಂ ವ್ಯಾಪಾರದವನೇ, ಆದರೆ ಅಂಗಡಿ ಇಟ್ಟ ಮೊದಲ ವರ್ಷ ಯಾರೂ ಹತ್ತಿರ ಸುಳಿಯದಿದ್ದಾಗ ಜಗಲಿಯಲ್ಲಿ ಪೆಟ್ಟಿಗೆ ಇಟ್ಟು ಹಾಡು ಹಾಕಿ ಜನ ಸೇರಿಸಿದವನು ಕುಶಾಲಪ್ಪ. ಅದನ್ನು ಅವನು ಮರೆತಿರಲಿಲ್ಲ. ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಇನ್ನು ಮೇಲೆ ಸಂತೆಗೆ ಪೂವಮ್ಮನೂ ಬರುವುದು, ಬಂದು ಜಗಲಿಯ ಬೆಂಚಿನಲ್ಲಿ ಕೊಡೆ ಹಿಡಿದುಕೊಂಡು ಕೂರುವುದು. ಪ್ಲೇಟು ಒಳ್ಳೆಯದಿದ್ದರೆ ಕೊಡೆ ಗೋಡೆಗೆ ಒರಗಿರುತ್ತದೆ. ಕೆಟ್ಟದಿದ್ದರೆ ಕೊಡೆ ಅವಳ ಮಡಿಲಿಗೆ ಬರುತ್ತದೆ. ಮಡಿಲಿಗೆ ಬಂದ ಪ್ಲೇಟನ್ನು ಕುಶಾಲಪ್ಪ ಎಷ್ಟೇ ಹೊಗಳಿದರೂ ಇಬ್ರಾಹಿಂ, ಇದು ಒಬ್ಬರು ಮೊದಲೇ ಹೇಳಿಟ್ಟದ್ದು ಎಂದು ಸುಳ್ಳು ಹೇಳಿ ಒಳಗಿಡುವುದು.

ಸಂತೆಗೆ ಬರುತ್ತೇನೆ, ಮನೆಯಲ್ಲಿ ಒಬ್ಬಳೇ ಕೂತು ಬೇಜಾರಾಗುತ್ತದೆ ಎಂದು ಅವಳು ಹೇಳಿದಾಗ ಕುಶಾಲಪ್ಪ ಒಂದು ಗಳಿಗೆ ಅವಳ ಮುಖ ನೋಡಿದ. ಮತ್ತೆ, ಬಾ, ಅದಕ್ಕೆಂತ ಎಂದ. ಹೀಗೆ ಕೊಡೆಯ ಕೆಲಸ ಸುರುವಾಯಿತು. ಮಳೆಗಾಲ ಕಳೆಯಿತು, ಬಿಸಿಲೂ ಅಷ್ಟಿಲ್ಲ, ಆದರೂ ಪೂವಮ್ಮ ಕೊಡೆ ಬಿಟ್ಟು ಬರುವುದಿಲ್ಲ ಎಂದು ಸಂತೆಯ ಹೆಂಗಸರು ಆಡಿಕೊಂಡರು. ತೂತು ಸರಿದ ಪ್ಲೇಟು, ಬಿಸಿಗೆ ಬಾಗಿದ ಪ್ಲೇಟು, ಸ್ವರ ಕುಣಿಯುವ ಪ್ಲೇಟು ಯಾವುದೂ ಈಗಲೂ ಕುಶಾಲಪ್ಪನ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವನಿಗೆ ಸಿಗದ್ದನ್ನು ಕೊಡೆ ಹಿಡಿಯುತ್ತಿತ್ತು. ವಾಪಸು ಬರುವ ಪ್ಲೇಟು ನಿಂತಿತು. ಹೊಸ ಪ್ಲೇಟಿನ ವಿಷಯದಲ್ಲಿಯೂ ಕುಶಾಲಪ್ಪ ಹೇಳಿದ್ದೇ ಸರಿ ಎಂದು ಜನ ಹೇಳತೊಡಗಿದರು. ಪೂವಮ್ಮನಿಗೆ ಸಮಾಧಾನವೂ ಆಯಿತು, ಗಂಡನಿಗೆ ಬೆನ್ನ ಹಿಂದೆ ಮೋಸ ಮಾಡುತ್ತಿದ್ದೇನೆ ಎಂಬ ಅಳುಕೂ ಹತ್ತಿತು.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ನಡುವೆ ಅಮ್ಮುವಿನ ಪ್ಲೇಟು ಬಾರದಿದ್ದರೆ.

ಅಮ್ಮು ಈಶ್ವರಮಂಗಲದ ಅಡಿಕೆ ವ್ಯಾಪಾರಿ ಗೌರೀಶಂಕರನ ಗದ್ದೆಗೆ ಕೆಲಸಕ್ಕೆ ಬರುತ್ತಿದ್ದ ಮುದುಕಿ. ಭತ್ತದ ಸಸಿ, ಅಂದರೆ ನೇಜಿ, ನೆಡುವಾಗ ಅವಳು ಹಾಡು ಎತ್ತಿಕೊಟ್ಟರೆ ಸಾಲಿನ ಹೆಂಗಸರಿಗೆ ಸೊಂಟನೋವು ಮರೆತುಹೋಗುತ್ತಿತ್ತು. ಆ ಹಾಡು ಕೇಳಿಯೇ ಬೆಳೆದ ಗೌರೀಶಂಕರನಿಗೆ, ಇದು ಈ ಮುದುಕಿಯ ಜೊತೆಗೆ ಮಣ್ಣಾಗಬಾರದು ಎಂದು ಹುಚ್ಚು ಹಿಡಿಯಿತು. ದೂರದ ಪ್ಲೇಟು ಕಂಪೆನಿಯೊಂದರ ಜನ ಮಂಗಳೂರಿಗೆ ಬಂದಿದ್ದಾಗ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಹಾಡಿಸಿದ. ಅದಾದ ಚಳಿಗಾಲದಲ್ಲಿ ಅಮ್ಮುವಿಗೆ ದಮ್ಮು ಹತ್ತಿ ಹಾಡುವುದು ನಿಂತುಹೋಯಿತು. ಮಾತಾಡಿದರೂ ಏದುಸಿರು. ಇನ್ನು ಅವಳ ಸ್ವರ ಉಳಿಯುವುದಾದರೆ ಪ್ಲೇಟಿನಲ್ಲೇ.

ಕಂಪೆನಿಯವರು ಮೊದಲು ಒಂದೇ ಒಂದು ಮಾದರಿ ಪ್ಲೇಟು ಅಚ್ಚು ಹಾಕಿ ಕಳುಹಿಸಿದರು. ಕೇಳಿ ನೋಡಿ ಸರಿ ಎಂದರೆ ಉಳಿದ ಅಷ್ಟನ್ನೂ ಅದೇ ಅಚ್ಚಿನಿಂದ ತೆಗೆಯುವುದು, ಆಮೇಲೆ ತಕರಾರು ಎತ್ತಿದರೆ ಕೇಳುವವರಿಲ್ಲ. ಸರಿಯೋ ಅಲ್ಲವೋ ಎಂದು ಹೇಳಲು ಗೌರೀಶಂಕರನಿಗೆ ಗೊತ್ತಿದ್ದದ್ದು ಒಂದೇ ತಲೆ. ಸಂತೆಯ ದಿನ ಪ್ಲೇಟು ಹಿಡಿದು, ಅಮ್ಮುವನ್ನೂ ಕರೆದುಕೊಂಡು ಅವನು ದರ್ಬೆಗೆ ಬಂದ. ಅಮ್ಮು ಪೂವಮ್ಮನ ಪಕ್ಕದಲ್ಲಿ ಬೆಂಚಿನ ತುದಿಯಲ್ಲಿ ಕೂತಳು. ಒಗೆದ ಸೀರೆ ಉಟ್ಟುಕೊಂಡಿದ್ದಳು, ಕೈಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದಳು. ಮಾದರಿ ಪ್ಲೇಟನ್ನು ಅವಳು ಇನ್ನೂ ಕೇಳಿರಲಿಲ್ಲ.

ಕುಶಾಲಪ್ಪ ಪ್ಲೇಟನ್ನು ಬಿಸಿಲಿಗೆ ಹಿಡಿದು ನೋಡಿದ, ತೂತು ನೋಡಿದ, ಮೆಲ್ಲನೆ ಇಟ್ಟು ಮುಳ್ಳು ಬಿಟ್ಟ.

ಹೊಯ್ಗೆ. ಪೂವಮ್ಮನಿಗೆ ಸಂಶಯವೇ ಬರಲಿಲ್ಲ. ಹೊಳೆಯ ಬದಿಯಲ್ಲಿ ಯಾರೋ ಕಾಲೆಳೆದುಕೊಂಡು ನಡೆಯುವ ಸದ್ದು. ಅದರ ಒಳಗಿನಿಂದ ಅಮ್ಮುವಿನ ಹಾಡು ಬಂತು. ತೆಳ್ಳಗಿನ, ಎತ್ತರದ ಸ್ವರ. ಅದರ ತುದಿಗಳನ್ನೆಲ್ಲ ಹೊಯ್ಗೆ ತಿಂದುಹಾಕಿತ್ತು. ಹೊಸತಾಗಿ ಅಚ್ಚಾದ, ಒಡೆಯದ, ಹೊಳೆಯುವ ಪ್ಲೇಟು, ಒಳಗೆ ಮಾತ್ರ ಹೀಗೆ. ಅಮ್ಮು ತನ್ನ ಸ್ವರವನ್ನು ಹೊರಗಿನಿಂದ ಕೇಳುವುದು ಅದೇ ಮೊದಲು. ಅವಳಿಗೆ ಒಳ್ಳೆಯದು ಕೆಟ್ಟದ್ದು ಏನು ಗೊತ್ತು. ಪೂವಮ್ಮನ ಮೊಣಕೈ ಹಿಡಿದು, "ನನ್ನ ಸ್ವರ ಸರಿ ಬಂದಿದಾ ಅಕ್ಕ?" ಎಂದು ಏದುಸಿರಿನಲ್ಲಿ ಕೇಳಿದಳು.

ಪೂವಮ್ಮನ ಕೊಡೆ ಆಗಲೇ ಮಡಿಲಿಗೆ ಬಂದಿತ್ತು. ಇಬ್ರಾಹಿಂ ಅದನ್ನು ಕಂಡ. ಕಂಡು ಮಾಡುವುದೇನು? ಇದು ಅಂಗಡಿಯ ಪ್ಲೇಟಲ್ಲ, ಬೇರೆಯವರು ಹೇಳಿಟ್ಟದ್ದು ಎಂದು ಒಳಗಿಡುವ ಹಾಗಿಲ್ಲ. ಗೌರೀಶಂಕರ ಕಂಪೆನಿಗೆ ಇವತ್ತೇ ತಂತಿ ಕೊಡಬೇಕು ಎಂದು ನಿಂತಿದ್ದ. ಕುಶಾಲಪ್ಪನ ತಲೆ ಒಮ್ಮೆ ಆಡಿದರೆ ಅಮ್ಮುವಿನ ಸ್ವರ ಎಂದೆಂದಿಗೂ ಹೊಯ್ಗೆಯ ಪಾಲು. ಆಡುವ ಮೊದಲೇ ಪೂವಮ್ಮ ಎದ್ದು ಮಾತಾಡಿದರೆ, ಇಡೀ ಸಂತೆಯ ಎದುರು ಗಂಡನ ಕಿವಿ ಹೋಗಿದೆ ಎಂದು ಡಂಗುರ ಹೊಡೆದ ಹಾಗೆ. ಹಾಡು ಮುಗಿಯುವುದರೊಳಗೆ ಏನಾದರೂ ಮಾಡಬೇಕು.

ಹಾಡು ಮುಗಿಯಿತು. ಕುಶಾಲಪ್ಪ ಮುಳ್ಳನ್ನು ಎತ್ತಿ ಬದಿಗಿಟ್ಟ. ಎಲ್ಲರೂ ಅವನ ತಲೆಯನ್ನೇ ನೋಡುತ್ತಿದ್ದರು. ತಲೆ ಆಡಲಿಲ್ಲ. ಅವನು ಪ್ಲೇಟನ್ನು ಬಟ್ಟೆಯಿಂದ ಸುತ್ತಲೂ ಒರೆಸಿ ಮತ್ತೆ ಅದರ ಜಾಗದಲ್ಲೇ ಇಟ್ಟು, ಬೆಂಚಿನ ಕಡೆಗೆ ತಿರುಗಿದ.

"ತೂತು ಸರಿ ಉಂಟು. ಸ್ವರ ಕುಣಿಯುದಿಲ್ಲ. ನಂಗೆ ತಿಳಿಯುದು ಅಷ್ಟೇ," ಎಂದ. "ಉಳಿದದ್ದು ನೀನು ಹೇಳು ಪೂವಮ್ಮ. ದೋಸೆಯಾ, ಸಾಸಿವೆಯಾ, ಹೊಯ್ಗೆಯಾ?"

ಗೌರೀಶಂಕರ ಗಂಡನನ್ನೂ ಹೆಂಡತಿಯನ್ನೂ ಸರದಿಯಂತೆ ನೋಡಿದ. ಇಬ್ರಾಹಿಂ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಸುಮ್ಮನೆ ತಿರುಗಿಸುತ್ತ ನಿಂತ. ಪೂವಮ್ಮನಿಗೆ ಕಣ್ಣು ಮಂಜಾಯಿತು. ಇವರಿಗೆ ಗೊತ್ತಿತ್ತು. ಅಯ್ಯೋ ದೇವರೇ, ಇವರಿಗೆ ಗೊತ್ತಿತ್ತು.

"ಹೊಯ್ಗೆ," ಎಂದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಮತ್ತೆ ಅಮ್ಮುವಿನ ಕಡೆ ತಿರುಗಿ, ನಿನ್ನ ಸ್ವರಕ್ಕೆ ಏನೂ ಆಗಿಲ್ಲ, ಅಚ್ಚು ಹಾಕಿದವರು ಕೆಡಿಸಿದ್ದಾರೆ, ಇನ್ನೊಮ್ಮೆ ಹಾಕಿದರೆ ಸರಿಯಾಗುತ್ತದೆ ಎಂದಳು.

ಕುಶಾಲಪ್ಪ ಗೌರೀಶಂಕರನಿಗೆ, ಕೇಳಿದಿರಲ್ಲ, ವಾಪಸು ಕಳಿಸಿ ಎಂದ. ಅಷ್ಟು ಹೇಳಿ ಜೇಬಿನಿಂದ ಎಲೆಯಡಿಕೆಯ ಪೊಟ್ಟಣ ತೆಗೆದು ಎಲೆಗೆ ಸುಣ್ಣ ಹಚ್ಚುತ್ತ ಕೂತ.

ಯಾವಾಗಿನಿಂದ ಗೊತ್ತು ಎಂದು ಮನೆಯ ದಾರಿಯಲ್ಲಿ ಅವಳು ಕೇಳಿದಳು. ಅವನು ನಕ್ಕ. ನೀನು ಸಂತೆಗೆ ಬರಲು ಸುರುಮಾಡಿದ ಮೇಲೆ ಇಬ್ರಾಹಿಂ ನನ್ನ ಮುಖ ನೋಡುವುದು ಬಿಟ್ಟು ನಿನ್ನ ಕೊಡೆ ನೋಡುತ್ತಾನೆ, ನನಗೆ ಹೋಗಿರುವುದು ಕಿವಿ, ಕಣ್ಣಲ್ಲ ಎಂದ. ಮೊದಲು ಸಿಟ್ಟು ಬಂದಿತ್ತಂತೆ. ಎರಡು ಸಂತೆ ಸಿಟ್ಟಿನಲ್ಲೇ ಕೂತಿದ್ದನಂತೆ. ಆಮೇಲೆ ಹೊಸ ಪ್ಲೇಟುಗಳಲ್ಲಿ ತನಗೆ ಕೇಳದೆ ಹೋದದ್ದು ಎಷ್ಟು ಎಂದು ಯೋಚಿಸಿ ಹೆದರಿಕೆಯಾಯಿತಂತೆ. ಒಲೆ ಹೊತ್ತಿಸಿಲ್ಲ ಎಂದು ತಾನು ಊರಿಡೀ ಹೇಳಿಕೊಂಡು ತಿರುಗಿದ್ದು ನೆನಪಾಗಿ ನಾಚಿಕೆಯೂ ಆಯಿತಂತೆ.

"ಗೊತ್ತಿದ್ದೂ ನಂಗೆ ಹೇಳಲಿಲ್ಲ ಯಾಕೆ?" ಎಂದು ಪೂವಮ್ಮ ಕೇಳಿದಳು.

"ಹೇಳಿದ ಮೇಲೆ ನೀನು ಬರುದು ನಿಲ್ಲಿಸಿದ್ರೆ?"

ಅವನೇ ಮುಂದುವರಿಸಿ, ನನ್ನ ಮಾತು ಬೀಳಬಾರದು ಎಂದು ನೀನು ಬಂದು ಕೂತದ್ದು, ನೀನು ಪಕ್ಕದಲ್ಲಿ ಕೂತಿರಲಿ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದದ್ದು; ಬೇರೆಯವರ ಪ್ಲೇಟಾಗಿದ್ದರೆ ಇನ್ನೂ ಮುಚ್ಚಿಕೊಂಡಿರುತ್ತಿದ್ದೆ, ಆ ಮುದುಕಿಯ ಸ್ವರದ ಮೇಲೆ ಸುಳ್ಳು ತಲೆ ಆಡಿಸಲು ಮನಸ್ಸು ಬರಲಿಲ್ಲ ಎಂದ. ಪೂವಮ್ಮ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ದಾರಿಯಲ್ಲಿ ಜನ ಇದ್ದಾರೆ ಎಂಬುದನ್ನೂ ಲೆಕ್ಕಿಸದೆ ಅವನ ತೋಳು ಹಿಡಿದುಕೊಂಡಳು.

ಅಮ್ಮುವಿನ ಪ್ಲೇಟು ಎರಡನೆಯ ಸಲ ಅಚ್ಚಾಗಿ ಬಂದದ್ದು ಗದ್ದೆ ಕೊಯ್ಲಿನ ಹೊತ್ತಿಗೆ. ಅಂದು ಜಗಲಿಯಲ್ಲಿ ಪ್ಲೇಯರಿನ ಮುಂದೆ ಇಬ್ರಾಹಿಂ ಎರಡು ಕುರ್ಚಿ ಹಾಕಿದ್ದ. ಕುಶಾಲಪ್ಪ ತೂತು ನೋಡಿದ, ಬಾಗು ನೋಡಿದ, ಮುಳ್ಳು ಇಟ್ಟ. ಪೂವಮ್ಮ ಕಿವಿ ಕೊಟ್ಟಳು. ಏನೂ ಇಲ್ಲ. ಅವಳು ಗಂಡನ ಕಡೆ ತಿರುಗಿ, ಒಲೆ ಹೊತ್ತಿಸಿಯೇ ಇಲ್ಲ ಎಂದಳು. ಅವನ ಮುಖ ಅರಳಿತು, ತಲೆ ಆಡಿಸಿದ, ಅಷ್ಟರಲ್ಲಿ ಅಮ್ಮುವಿನ ಸ್ವರ ಬಂತು. ಬೆಂಚಿನಲ್ಲಿ ಕೂತ ಅಮ್ಮು ಹಾಡಿನ ಜೊತೆಗೆ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು, ಕಣ್ಣಿನಲ್ಲಿ ನೀರು ಧಾರೆಯಾಗಿ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಆ ಇಬ್ಬರು ಎಷ್ಟೋ ವರ್ಷ ಆ ಎರಡು ಕುರ್ಚಿಗಳಲ್ಲಿ ಕೂತರು. ಪ್ಲೇಟು ಕೊಳ್ಳುವವರು ಮೊದಲು ಅವನ ತಲೆ ನೋಡುತ್ತಿದ್ದರು, ಅವನ ತಲೆ ಅವಳ ಮುಖ ನೋಡುತ್ತಿತ್ತು. ಇದರಲ್ಲಿ ಮುಚ್ಚುಮರೆ ಏನೂ ಉಳಿದಿರಲಿಲ್ಲ, ಯಾರೂ ನಗಲೂ ಇಲ್ಲ. ಕೊಡೆ ಮಳೆಗೆ ಮಾತ್ರ ಹೊರಗೆ ಬರುತ್ತಿತ್ತು.

ಮನೆಯಲ್ಲಿ ಮಾತ್ರ ಒಂದು ಹೊಸ ಕ್ರಮ ಹುಟ್ಟಿತು. ಪೂವಮ್ಮ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹಾಕುವಳು. ಅದು ಸಿಡಿಯಲು ಸುರುವಾದ ಕೂಡಲೇ ಜಗಲಿಯ ಕಡೆಗೆ ತಿರುಗಿ ದೊಡ್ಡ ಸ್ವರದಲ್ಲಿ ಹೇಳುವಳು, "ಸಿಡೀತು ಮಾರಾಯ್ರೆ."

"ಸಾಕು, ಇಳಿಸು," ಎಂದು ಅವನು ಅಲ್ಲಿಂದ ಕೂಗುವನು. ಅವಳು ಇಳಿಸುವಳು.